ಟುಟುವಿನ ಉದ್ದಕ್ಕೆ ನಡೆದ ಚೌಕಾಸಿ

ಮೂಡುಬಿದಿರೆಯಲ್ಲಿ ನನ್ನದೊಂದು ಅಂಗಡಿಯಿದೆ. ನೃತ್ಯದ ಉಡುಪುಗಳನ್ನು ಹೊಲಿಯುತ್ತೇನೆ, ಬಾಡಿಗೆಗೂ ಕೊಡುತ್ತೇನೆ. ಶಾಲೆಗಳ ವಾರ್ಷಿಕೋತ್ಸವ ಬಂತೆಂದರೆ ಬಂಟ್ವಾಳದಿಂದ ಬೆಳ್ತಂಗಡಿಯವರೆಗಿನ ನವಿಲು, ಚಿಟ್ಟೆ, ಸೈನಿಕ, ಭಾರತಮಾತೆ ಎಲ್ಲರೂ ನನ್ನ ಕಪಾಟಿನಿಂದಲೇ ಹೊರಡಬೇಕು. ಬ್ಲೌಸಿಗೆ ಹುಕ್ ಹಾಕಿಕೊಡುವ ಕೆಲಸದಿಂದ ಶುರು ಮಾಡಿದವಳು ನಾನು. ಕೂರಿಸಿ ಕಲಿಸಿದವರು ಯಾರೂ ಇಲ್ಲ, ಹೊಲಿದದ್ದನ್ನು ಬಿಚ್ಚಿ ಬಿಚ್ಚಿ ಕಲಿತೆ. ಹಾಗಾಗಿ ಎರಡು ಅಭ್ಯಾಸಗಳು ಅಂಟಿಕೊಂಡಿವೆ: ಯಾರು ಏನು ಕೇಳಿದರೂ "ಆಗ್ತದೆ" ಎನ್ನುವುದು, ಯಾರೂ ಕೇಳದಿದ್ದರೂ ಬುದ್ಧಿ ಹೇಳುವುದು.

ಬ್ಯಾಲೆ ಟೀಚರ್ ಬಂದಾಗಲೂ "ಆಗ್ತದೆ" ಅಂದೆ. ಬಂಟ್ವಾಳದ ಬ್ಯಾರಿ ಮುಸ್ಲಿಂ ಮನೆತನದ ಹುಡುಗಿ. ಬೆಳೆದದ್ದು ಗಲ್ಫಿನಲ್ಲಿ, ಈ ನೃತ್ಯ ಕಲಿತದ್ದೂ ಅಲ್ಲಿಯೇ. ಈಗ ಬೆಳ್ತಂಗಡಿಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದು ಎಂಟು ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದಳು. ಫೋನಿನಲ್ಲಿ ಚಿತ್ರ ತೋರಿಸಿದಳು. ಸೊಂಟದಿಂದ ತಟ್ಟೆಯ ಹಾಗೆ ಅಡ್ಡಕ್ಕೆ ಚಾಚಿ ನಿಂತ ಬಿಳಿ ಲಂಗ.

"ಇದಕ್ಕೆ ಟುಟು ಅಂತ ಹೇಳ್ತಾರೆ ಅಕ್ಕ. ನೀವು ಹೊಲಿದದ್ದು ಉಂಟಾ?"

"ಹೆಸರು ಎಂತದ್ದೂ ಇರಲಿ ಟೀಚರೇ, ನೆಟ್ಟಿನ ಲಂಗ ತಾನೆ? ಆಗ್ತದೆ."

"ತಿಂಗಳ ಕೊನೆಗೆ ಮನೆಯವರ ಎದುರು ಮೊದಲ ಪ್ರದರ್ಶನ. ಅದನ್ನು ನೋಡಿದ ಮೇಲೆ ಮುಂದೆ ಕಳಿಸುವುದಾ ಬೇಡವಾ ಅಂತ ಹೇಳ್ತೇವೆ ಅಂದಿದ್ದಾರೆ. ನಾಲ್ಕು ಮಕ್ಕಳು ಬಿಟ್ಟರೂ ನಾನು ಕೋಣೆ ಖಾಲಿ ಮಾಡಬೇಕು ಅಕ್ಕ."

ಒಂದು ಉಡುಪನ್ನು ಹೊಲಿಯುವ ಮೊದಲು ಅದರ ಜಾತಕ ನೋಡುವವಳು ನಾನು. ಸ್ವಲ್ಪ ಫೋನಿನಲ್ಲಿ ನೋಡಿದೆ, ಉಳಿದದ್ದನ್ನು ಟೀಚರನ್ನೇ ಕೇಳಿದೆ. ಬ್ಯಾಲೆ ಶುರುವಾದದ್ದು ಅರಮನೆಗಳಲ್ಲಂತೆ, ಆಗ ಕುಣಿಯುವವರ ಲಂಗ ನೆಲ ಗುಡಿಸುತ್ತಿತ್ತು. ಸುಮಾರು ಇನ್ನೂರು ವರ್ಷದ ಹಿಂದೆ ಅದು ಮೀನಖಂಡದವರೆಗೆ ಏರಿತು. ತೆಳ್ಳಗಿನ ಬಟ್ಟೆಯ ಪದರಗಳು, ಗಂಟೆಯ ಆಕಾರ. ಬೆರಳ ತುದಿಯ ಮೇಲೆ ನಿಲ್ಲುವ ಪಾದ ಜನರಿಗೆ ಕಾಣಬೇಕಿತ್ತು, ಅದಕ್ಕೆ. ಕಾಲಿನ ಕೆಲಸ ಚುರುಕಾದ ಹಾಗೆ ಲಂಗ ಮೊಣಕಾಲಿಗೆ ಬಂತು, ಅದನ್ನೂ ದಾಟಿತು, ಕಡೆಗೆ ಒಳಗೊಂದು ತಂತಿಯ ಬಳೆ ಸೇರಿಸಿಕೊಂಡು ತಟ್ಟೆಯಾಯಿತು. ಆಮೇಲೆ ಯಾರೋ ತಂತಿ ತೆಗೆದು, ಪೌಡರ್ ಹಚ್ಚುವ ಪಫ್ಫಿನ ಹಾಗೆ ಮೆತ್ತಗೆ ಮಾಡಿದರು. ನನ್ನ ಕಣ್ಣಿಗೆ ಇದೆಲ್ಲ ಒಂದು ಉದ್ದನೆಯ ಚೌಕಾಸಿಯಾಗಿ ಕಂಡಿತು. ಪಾದ ಕಾಣಬೇಕೆನ್ನುವವರು ಮೇಲಕ್ಕೆ ಎಳೆದರು, ಮರ್ಯಾದೆ ಹೋಯಿತೆನ್ನುವವರು ಕೆಳಕ್ಕೆ ಎಳೆದರು.

ಒಂದು ಸಂಗತಿ ಮಾತ್ರ ಮನಸ್ಸಿಗೆ ಚುಚ್ಚಿತು. ಆ ಕಾಲದ ರಂಗದ ಮೇಲೆ ಗ್ಯಾಸಿನ ದೀಪಗಳಿದ್ದು, ಲಂಗಕ್ಕೆ ಬೆಂಕಿ ತಗಲಿ ಜೀವ ಹೋದವರಿದ್ದಾರಂತೆ. ಬೆಂಕಿ ಹಿಡಿಯದಿರಲು ಪಟಿಕ ಬೆರೆಸಿದ ನೀರಿನಲ್ಲಿ ಅದ್ದುವ ಉಪಾಯ ಬಂದರೂ, ಬಟ್ಟೆಯ ಅಂದ ಕೆಡುತ್ತದೆಂದು ಕೆಲವರು ಒಪ್ಪಲಿಲ್ಲವಂತೆ. ಎಂಥ ಹಟ ಎಂದುಕೊಂಡೆ. ಈ ಬಟ್ಟೆಗೂ ನೀರಿಗೂ ಆಗುವುದಿಲ್ಲ ಎಂಬ ಸೂಚನೆ ಅದರಲ್ಲೇ ಇತ್ತು. ನನ್ನ ತಲೆಗೆ ಹೋಗಲಿಲ್ಲ.

ನಮ್ಮ ಕಡೆ ಬಟ್ಟೆ ತೆಗೆದುಕೊಂಡು ಹೋದರೆ ಹೊಲಿಯುವವರು ಮೊದಲು ಕೇಳುವುದು, "ನೀರಿಗೆ ಹಾಕಿ ತಂದಿದ್ದೀರಾ?" ಎಂದು. ಲೈನಿಂಗ್ ಬಟ್ಟೆ ಹೊಲಿದ ಮೇಲೆ ಕುಗ್ಗಬಾರದಲ್ಲ, ಮೊದಲೇ ನೆನೆಸಿ ಒಣಗಿಸುವುದು ಪದ್ಧತಿ. ಮಂಗಳೂರಿನಿಂದ ನೆಟ್ಟಿನ ಕಟ್ಟು ಬಂದಿತ್ತು. ಬಿಡಿಸಿದರೆ ತಾನಾಗಿ ನಿಲ್ಲುವಷ್ಟು ಗಡುಸು. ಮೈಗೆ ಹಾಕುವ ಲೈನಿಂಗನ್ನು ಟಬ್ಬಿಗೆ ಹಾಕಿದ ಕೈ, ಅದೇ ಗತ್ತಿನಲ್ಲಿ ನೆಟ್ಟನ್ನೂ ಪೂರ್ತಿ ಮುಳುಗಿಸಿತು.

ಒಣಗಲು ಹಾಕಿದಾಗ ಅದು ಮಳೆಯಲ್ಲಿ ನೆನೆದ ಕೋಳಿಯ ಹಾಗೆ ಜೋತು ಬಿದ್ದಿತ್ತು. ಗಡುಸೆಲ್ಲ ಮಿಲ್ಲಿನಲ್ಲಿ ಹಚ್ಚಿದ ಅಂಟಿನದು. ಅದು ಟಬ್ಬಿನ ನೀರಿನ ಜೊತೆ ಚರಂಡಿಗೆ ಹೋಗಿತ್ತು. ಒಂದು ತುಂಡಿಗೆ ಅನ್ನದ ಗಂಜಿ ಹಾಕಿ ನೋಡಿದೆ. ತೂತುಗಳು ಮುಚ್ಚಿಕೊಂಡವು, ಮಡಚಿದರೆ ಹುಡಿ ಉದುರಿತು, ಇರುವೆಗಳಿಗೆ ಮಾತ್ರ ಬಹಳ ಮೆಚ್ಚುಗೆಯಾಯಿತು. ಮಂಗಳೂರಿಗೆ ಫೋನು ಮಾಡಿದರೆ ಅಂಥದ್ದು ಬರಲು ಇನ್ನು ಎರಡು ವಾರ ಅಂದರು. ಪ್ರದರ್ಶನಕ್ಕೆ ಉಳಿದದ್ದು ಒಂಬತ್ತು ದಿನ.

ಮರುದಿನ ಟೀಚರ್ ಬಂದಳು. ನೆಟ್ಟನ್ನು ಎತ್ತಿ ಹಿಡಿದಳು, ಅದು ಬೆರಳ ಸಂದಿಯಿಂದ ಜಾರಿತು.

"ಅಕ್ಕ, ಎಂತ ಇದು?"

"ನೀರಿಗೆ ಹಾಕಿದೆ."

"ಯಾಕೆ?"

"ಹಾಕ್ಲಿಕ್ಕುಂಟಲ್ಲ, ಅದಕ್ಕೆ."

ಆಕೆ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಹೇಳಿದಳು: "ಅಲ್ಲಿ ದೊಡ್ಡ ಕ್ಲಾಸಿನವರಿಗೆ ಮಾತ್ರ ತಟ್ಟೆ ಟುಟು ಕೊಡ್ತಿದ್ದರು. ಹತ್ತು ವರ್ಷ ಕಾದೆ ಅಕ್ಕ. ನನ್ನ ಸರದಿ ಬರುವಾಗ ಅಪ್ಪನ ಕೆಲಸ ಮುಗಿದು ಊರಿಗೆ ಬಂದೆವು. ಈ ಮಕ್ಕಳಾದರೂ ಹಾಕಲಿ ಅಂತ ಇತ್ತು."

ಅಷ್ಟರಲ್ಲಿ ಉಜಿರೆಯಿಂದ ಒಬ್ಬರು ಅಜ್ಜಿ, ಟೀಚರಿನ ಹತ್ತಿರ ಕಲಿಯುವ ಮೊಮ್ಮಗಳನ್ನು ಕರೆದುಕೊಂಡು ಅಳತೆ ಕೊಡಲು ಬಂದರು. ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂತು ಪಳಗಿದ ಗಟ್ಟಿ ಹೆಂಗಸು. ಮೇಜಿನ ಮೇಲಿದ್ದ ಚಿತ್ರ ಅವರ ಕಣ್ಣಿಗೆ ಬಿತ್ತು.

"ಎಂತ ಸಾವು ಮಾರಾಯ್ತಿ ಇದು! ಸೊಂಟಕ್ಕೆ ಹಪ್ಪಳ ಕಟ್ಟಿದ ಹಾಗೆ! ಕೆಳಗೆ ಎಂತ ಉಂಟು?"

"ಕಾಲಿಗೆ ಪೂರ್ತಿ ಬಿಗಿ ಚೀಲ ಉಂಟು ಅಜ್ಜಿ," ಅಂದಳು ಟೀಚರ್.

"ಚೀಲ ಹಾಕಿಕೊಂಡು ಊರೆದುರು ನಿಲ್ಲುವುದಾ? ನಮ್ಮ ಹುಡುಗಿ ಇದನ್ನು ಹಾಕುವುದಿಲ್ಲ, ಟೀಚರಮ್ಮ. ಅವಳು ಕ್ಲಾಸು ಬಿಟ್ಟರೆ ಇನ್ನು ಮೂವರೂ ಬರುವುದಿಲ್ಲ, ನೋಡಿ. ಅವರೆಲ್ಲ ಬರುವುದು ನಮ್ಮ ಕಾರಿನಲ್ಲೇ."

ನಾಲ್ಕು ಮಕ್ಕಳು. ಟೀಚರಿನ ಮುಖ ಬಿಳಿಚಿಕೊಂಡಿತು. ನಾನು ಒದ್ದೆ ಆರಿದ ಆ ನೆಟ್ಟನ್ನೇ ಎತ್ತಿ, ನೆರಿಗೆ ಹಿಡಿದು, ಹುಡುಗಿಯ ಸೊಂಟಕ್ಕೆ ಇಟ್ಟೆ. ತಟ್ಟೆಯಾಗಿ ನಿಲ್ಲಲಾರದ ಬಟ್ಟೆ ಗಂಟೆಯಾಗಿ ಇಳಿಯಿತು. ಹುಡುಗಿ ಒಮ್ಮೆ ತಿರುಗಿದಳು, ಅದೂ ಅವಳ ಹಿಂದೆ ನಿಧಾನವಾಗಿ ತಿರುಗಿತು.

"ಟೀಚರೇ, ಮೊದಲಿನ ಕಾಲದ ಟುಟು ಹೀಗೇ ಅಲ್ವಾ ಇದ್ದದ್ದು?"

ಆಕೆ ಸ್ಟೂಲಿನಿಂದ ಎದ್ದು ಬಂದಳು. "ಹೌದು. ಹೀಗೇ."

"ಇದಾದರೆ ಆಗಬಹುದು," ಅಂದರು ಅಜ್ಜಿ. "ಪಾದದ ಗಂಟಿನವರೆಗೆ ಬರಲಿ."

"ಗಂಟಿನವರೆಗಾ? ಪಾದ ಕಾಣದಿದ್ದರೆ ನಾನು ಕಲಿಸಿದ್ದು ಎಂತಕ್ಕೆ?"

ಇಲ್ಲಿ ಒಂದು ಬುದ್ಧಿಮಾತು, ಬೇಕಾದವರು ಇಟ್ಟುಕೊಳ್ಳಿ. ಚೌಕಾಸಿಯಲ್ಲಿ ನಿಮಗೆ ಬೇಕಾದ ಜಾಗವನ್ನು ಎದುರಿನವರ ಬಾಯಿಂದಲೇ ಹೇಳಿಸಬೇಕು. ನಾನು ಟೇಪನ್ನು ಮೊಣಕಾಲಿನ ಮೇಲೆ ಇಟ್ಟೆ. ಅಜ್ಜಿ ಹೌಹಾರಿ, "ಕೆಳಗೆ, ಕೆಳಗೆ!" ಅಂದರು. ಎರಡು ಬೆರಳು ಇಳಿಸಿದೆ. "ಇನ್ನೂ!" ಇಳಿಸುತ್ತಾ ಹೋಗಿ ಮೀನಖಂಡದ ನಡುವೆ ಕೈ ನಿಲ್ಲಿಸಿ ಬೆನ್ನು ನೋಯುವವಳ ಹಾಗೆ ಉಸಿರು ಬಿಟ್ಟೆ. "ಹಾಂ, ಇಲ್ಲಿ ಸಾಕು," ಅಂದರು. ಇನ್ನೂರು ವರ್ಷದ ಹಿಂದೆ ಲಂಗ ನಿಂತದ್ದೂ ಅಲ್ಲಿಯೇ.

ತಟ್ಟೆಗೆ ಹತ್ತಾದರೂ ಪದರ ಬೇಕು, ಗಂಟೆಗೆ ನಾಲ್ಕು ಸಾಕು. ಉದ್ದ ಹೆಚ್ಚಾದರೂ ನೆಟ್ಟು ಸಾಲಿತು. ಎಂಟು ಲಂಗಗಳೂ ಎಂಟನೆಯ ದಿನ ತಯಾರಾದವು.

ಪ್ರದರ್ಶನದ ದಿನ ಪರದೆ ಸರಿದು ಮಕ್ಕಳು ನಿಂತದ್ದೇ, ಸಭಾಂಗಣದ ಫ್ಯಾನುಗಳ ಗಾಳಿಗೆ ಲಂಗಗಳು ಏಳತೊಡಗಿದವು. ಮೊದಲ ಸಾಲಿನಿಂದ ಅಜ್ಜಿ ಎದ್ದು, "ಫ್ಯಾನ್ ಆಫ್ ಮಾಡಿ ಮಾರಾಯ್ರೇ!" ಎಂದು ಗುಡುಗಿದರು. ಹೋಟೆಲಿನ ಗಲ್ಲಾದ ಧ್ವನಿ, ಯಾರು ಇಲ್ಲ ಅನ್ನುತ್ತಾರೆ? ಇಡೀ ಸಭೆ ಬೆವರುತ್ತಾ ಕೂತಿತು. ಕೊನೆಯಲ್ಲಿ ಎಂಟೂ ಮಕ್ಕಳು ಮುಂಗಾಲಿನ ಮೇಲೆ ಎದ್ದು, ಒಂದೇ ಕಾಲಿನಲ್ಲಿ ನಿಂತರು. ಅಜ್ಜಿಯ ಮೊಮ್ಮಗಳು ಸ್ವಲ್ಪ ಅಲುಗಿದಳು, ಬೀಳಲಿಲ್ಲ. ಟೀಚರ್ ಪರದೆಯ ಮರೆಯಲ್ಲಿ ತಾನೂ ಒಂದೇ ಕಾಲಿನಲ್ಲಿ ನಿಂತಿದ್ದಳು.

ಎರಡು ದಿನ ಬಿಟ್ಟು ಅಜ್ಜಿ ಅಂಗಡಿಗೆ ಬಂದರು. ಕಂಕುಳಲ್ಲಿ ಆ ಲಂಗ. ವಾಪಸು ಕೊಡಲು ಬಂದರೆಂದೇ ಅಂದುಕೊಂಡು ನಾನು ಮಾತು ಜೋಡಿಸಿಕೊಂಡೆ.

"ಇದನ್ನು ನಾಲ್ಕು ಬೆರಳು ಮೇಲೆ ಮಾಡಿಕೊಡು."

"ಮೇಲೆಯಾ? ಯಾಕೆ ಅಜ್ಜಿ?"

"ಹುಡುಗಿ ಒಂದು ಕಾಲಲ್ಲಿ ನಿಂತದ್ದು ಹಿಂದೆ ಕೂತವರಿಗೆ ಸರಿಯಾಗಿ ಕಾಣಲಿಲ್ಲವಂತೆ. ನಾನು ಹೇಳಿದರೆ ನನ್ನ ತಂಗಿ ನಂಬುವುದಿಲ್ಲ. ಮುಂದಿನ ಸಲ ಅವಳೇ ನೋಡಲಿ."

"ಮುಂದಿನ ಸಲವೂ ಉಂಟಾ ಹಾಗಾದರೆ?"

"ಇಲ್ಲದೆ? ತಂಗಿಯ ಮೊಮ್ಮಗಳೂ ಸೇರ್ತಾಳೆ. ಕಾರಿನಲ್ಲಿ ಇನ್ನೊಬ್ಬಳಿಗೆ ಜಾಗ ಉಂಟು."

ಅವರು ಕೂತಿರುವಾಗಲೇ ಟೀಚರಿಗೆ ಫೋನು ಮಾಡಿದೆ. ಆ ಕಡೆಯಿಂದ ಬಂದದ್ದು ನಗುವೋ ಅಳುವೋ ಗೊತ್ತಾಗಲಿಲ್ಲ. ಕೋಣೆಯನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳುತ್ತೇನೆ ಅಂದಳು. ಮಂಗಳೂರಿನಿಂದ ತರಿಸಿದ ಗಡುಸು ನೆಟ್ಟು ಈಗ ಬಂದಿದೆ. ಟೀಚರಿನದೇ ಅಳತೆಗೆ ಒಂದು ತಟ್ಟೆ ಟುಟು ಕತ್ತರಿಸಿಟ್ಟಿದ್ದೇನೆ, ಆಕೆಗೆ ಇನ್ನೂ ಹೇಳಿಲ್ಲ. ಕಟ್ಟನ್ನು ಟಬ್ಬಿನಿಂದ ದೂರ, ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ.

ಅಜ್ಜಿಯ ಲಂಗವನ್ನು ಮಾತ್ರ ನಾಲ್ಕು ಬೆರಳು ಏರಿಸಲು ಒಪ್ಪಲಿಲ್ಲ, ಎರಡಕ್ಕೆ ನಿಲ್ಲಿಸಿದೆ. ಅಷ್ಟನ್ನೂ ಈಗಲೇ ಕೊಟ್ಟುಬಿಟ್ಟರೆ ಮುಂದಿನ ವರ್ಷ ಕೇಳಲು ಅವರಿಗೆ ಏನು ಉಳಿಯುತ್ತದೆ?