ಹರಿಹರದ ಲೈನಿನಲ್ಲಿ ಇಳಿದ ಗೆರೆ

ದಾವಣಗೆರೆಯ ಒಂದು ಸಣ್ಣ ಇಂಟರ್‌ನೆಟ್ ಕಂಪನಿಯಲ್ಲಿ ರೂಪಶ್ರೀಯ ಕೆಲಸ ಪರದೆಯ ಮೇಲಿನ ಗೆರೆಗಳನ್ನು ನೋಡುವುದು. ಯಾವ ಊರಿನ ಲೈನಿನಲ್ಲಿ ಎಷ್ಟು ಡೇಟಾ ಹರಿಯುತ್ತಿದೆ ಎಂದು ಅವು ತೋರಿಸುತ್ತವೆ. ಗೆರೆ ಸುಳ್ಳು ಹೇಳೀತು ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಹರಿಹರಕ್ಕೆ ದೊಡ್ಡ ಲೈನ್ ಎಳೆದು, ಪಕ್ಕದ ಸಾರಥಿ ಹಳ್ಳಿಯವರೆಗೂ ಗಿರಾಕಿಗಳನ್ನು ಸೇರಿಸಿಕೊಂಡ ಮೇಲೆ ತಕರಾರು ಶುರುವಾಯಿತು. ಸಂಜೆಯಾದರೆ ಸಾಕು, ನೆಟ್ ನಿಂತಿದೆ ಎಂದು ಫೋನು. ಅಲ್ಲಿಯ ಲೈನ್ ನೋಡಿಕೊಳ್ಳುವ ಮೈಲಪ್ಪನದು ಒಂದೇ ಮಾತು: "ಲೈನ್ ತುಂಬೈತ್ರಿ ಮೇಡಂ." ಆದರೆ ಪರದೆಯ ಗೆರೆ ಸಂಜೆಗೆ ಏರುವ ಬದಲು ಇಳಿಯುತ್ತಿತ್ತು.

"ಅಂವ ಬೇಕಂತ ಕೆಡಿಸ್ತಾನೆ. ಗಿರಾಕಿಗಳು ಬೇಸತ್ತು ಬೇರೆ ಕಂಪನಿಗೆ ಹೋಗ್ಲಿ ಅಂತ," ಎಂದ ಮಾಲೀಕ ಬಕ್ಕೇಶ್. "ಮೊದ್ಲು ಅವನತ್ರ ಇರೋ ಅಲ್ಲಿನ ಮಷೀನ್ ಪಾಸ್‌ವರ್ಡ್ ಬದಲಾಯ್ಸು."

ರೂಪಶ್ರೀ ಬದಲಾಯಿಸಿದಳು. ಆಮೇಲೆ ಮೈಲಪ್ಪ ಫೋನಿನಲ್ಲಿ ಸ್ವಲ್ಪ ತಡವರಿಸಿದರೂ ಅವಳ ಕಿವಿ ಚುರುಕಾಗುತ್ತಿತ್ತು. ಫೋನ್ ಎತ್ತದಿದ್ದರಂತೂ ಏನೋ ಮಾಡುತ್ತಿದ್ದಾನೆ ಎಂದೇ ಲೆಕ್ಕ.

ಒಂದು ಸಂಜೆ ಹೇಳದೆ ಕೇಳದೆ ಹರಿಹರಕ್ಕೆ ಹೋದಳು. ಬಸ್‌ಸ್ಟ್ಯಾಂಡ್ ಹಿಂದಿನ ಕಟ್ಟಡದ ಮೇಲೆ ಕಂಪನಿಯ ಯಂತ್ರಗಳಿದ್ದ ಕೋಣೆಯಲ್ಲಿ ಮೈಲಪ್ಪ ಒಬ್ಬನೇ ಕೂತಿದ್ದ.

"ಯಾಕ ಮೇಡಂ, ಹೇಳ್ದಂಗ ಬಂದ್ರಿ?"

"ಹಂಗೇ, ನೋಡ್ಕೊಂಡು ಹೋಗಣ ಅಂತ."

ಅವಳು ಊರಿನ ಲೈನುಗಳೆಲ್ಲ ಬಂದು ಸೇರುವ ಯಂತ್ರವಾದ ಸ್ವಿಚ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಹಾದುಹೋಗುವ ಡೇಟಾ ಎಣಿಸುವ ಕೌಂಟರ್ ತೆರೆದಳು. ಅಂಕಿ ಸರಸರನೆ ಏರಿ ನಾನೂರ ಇಪ್ಪತ್ತೊಂಬತ್ತು ಕೋಟಿ ದಾಟಿತು. ತಟ್ಟನೆ ಸೊನ್ನೆಯ ಹತ್ತಿರಕ್ಕೆ ಬಿತ್ತು. ವೈರ್ ಕಿತ್ತನೇ ಎಂದು ತಿರುಗಿ ನೋಡಿದಳು. ಮೈಲಪ್ಪ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದ. ಅರ್ಧ ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ಅಂಕಿ ಮತ್ತೆ ಅಷ್ಟಕ್ಕೇ ಏರಿ ಬಿತ್ತು.

ಆಗ ಅವಳಿಗೆ ಹೊಳೆಯಿತು. ಈ ಕೌಂಟರ್ ಅಷ್ಟಕ್ಕೇ ತುಂಬಿ ಮೊದಲಿನಿಂದ ಎಣಿಸುತ್ತದೆ. ದಾವಣಗೆರೆಯ ಕಂಪ್ಯೂಟರ್ ಅದನ್ನು ಓದುವುದು ಐದು ನಿಮಿಷಕ್ಕೊಮ್ಮೆ. ನಡುವೆ ಎಷ್ಟು ಸಲ ತುಂಬಿ ಬಿದ್ದಿತೆಂದು ಅದಕ್ಕೆ ತಿಳಿಯುವುದಿಲ್ಲ; ಕೊನೆಗೆ ಉಳಿದ ಚೂರನ್ನಷ್ಟೇ ಲೆಕ್ಕ ಹಿಡಿಯುತ್ತದೆ, ಸಂಜೆ ಗೆರೆ ಇಳಿಯುತ್ತಿದ್ದುದು ಅದಕ್ಕೇ. ಹಳೆಯ ಸಣ್ಣ ಲೈನಿಗೆ ಅದು ಸಾಕಾಗಿತ್ತು. ಲೈನ್ ದೊಡ್ಡದಾದರೂ ಯಾರೂ ಕೌಂಟರ್ ಬದಲಿಸಿರಲಿಲ್ಲ. ಅದೇ ಸ್ವಿಚ್‌ನಲ್ಲಿದ್ದ ಅರವತ್ತನಾಲ್ಕು ಬಿಟ್ಟಿನ, ಬಲು ದೊಡ್ಡ ಅಂಕಿಯವರೆಗೆ ಎಣಿಸುವ ಕೌಂಟರನ್ನು ದಾವಣಗೆರೆಯ ಕಂಪ್ಯೂಟರ್ ಓದುವಂತೆ ಮಾಡಿ ಕಾದಳು. ಗೆರೆ ಏರಿತು, ತುದಿ ಮುಟ್ಟಿ ಅಲ್ಲೇ ನಿಂತಿತು. ಲೈನ್ ನಿಜಕ್ಕೂ ತುಂಬಿತ್ತು.

"ನನ್ನ ಮ್ಯಾಲೆ ಅನುಮಾನ ಇತ್ತೇನ್ರಿ?" ಮೈಲಪ್ಪ ಕೇಳಿದ.

"ಇತ್ತು, ಮೈಲಪ್ಪಣ್ಣ."

ಅವನು ಬಾಗಿಲಿನಿಂದ ಹೊರಗೆ ಸರಿದು ನಿಂತ.

ಬಕ್ಕೇಶ್ ಲೈನಿನ ಸಾಮರ್ಥ್ಯ ಹೆಚ್ಚಿಸಿದ, ತಕರಾರು ನಿಂತವು. ಹೊಸ ಪಾಸ್‌ವರ್ಡ್ ಕೊಡಲು ರೂಪಶ್ರೀ ಫೋನ್ ಮಾಡಿದಾಗ ಮೈಲಪ್ಪ ಅದನ್ನು ಬರೆದುಕೊಳ್ಳಲಿಲ್ಲ.

"ಬ್ಯಾಡ್ರಿ, ನಿಮ್ಮತ್ರಾನೇ ಇರ್ಲಿ. ನಾಳೆ ಏನಾರ ಕೆಟ್ರೆ ಮತ್ತೆ ನನ್ನ ಮ್ಯಾಲೇ ಬರ್ತೈತೆ."

ಈಗ ಹರಿಹರದಲ್ಲಿ ಏನೇ ಕೆಲಸವಿದ್ದರೂ ಅವಳೇ ಬಸ್ ಹತ್ತಬೇಕು. ಮೈಲಪ್ಪ ಕೋಣೆಯ ಬೀಗ ತೆಗೆಯುತ್ತಾನೆ. ಅವಳ ಕೆಲಸ ಮುಗಿಯುವ ತನಕ ಒಳಗೆ ಕಾಲಿಡುವುದಿಲ್ಲ.