‘ತಡಿ’ ಬಟನ್ ಕಾಯುವ ಬಟನಕ್ಕ

ಬೆಳಗಿನ ಐದೂ ಮುಕ್ಕಾಲು. ಮಕ್ಕಳ ವಾರ್ಡಿನ ಕಿಟಕಿಗಳಾಚೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಕಾರಿಡಾರಿನ ತುದಿಯಿಂದ ಕೀಚ್ ಕೀಚ್ ಎಂಬ ಸದ್ದು ಹತ್ತಿರ ಬರುತ್ತದೆ. ಹಿಂದೊಮ್ಮೆ ಹತ್ತಿ, ಬ್ಯಾಂಡೇಜು ಸಾಗಿಸುತ್ತಿದ್ದ ಸ್ಟೀಲಿನ ತಳ್ಳುಗಾಡಿ ಅದು. ಮುಂದಿನ ಎಡ ಚಕ್ರಕ್ಕೆ ಎಷ್ಟು ಎಣ್ಣೆ ಬಿಟ್ಟರೂ ಅದು ಬಾಯಿ ಮುಚ್ಚುವುದಿಲ್ಲ. ಈಗ ಅದರ ಮೇಲೆ ಒಂದು ಸಣ್ಣ ಟಿವಿ ಇದೆ, ಕೆಳಗೆ ಎರಡು ಹಳೆಯ ವಿಡಿಯೊ ಗೇಮ್ ಕನ್ಸೋಲ್‌ಗಳಿವೆ, ಪಕ್ಕದ ಬುಟ್ಟಿಯಲ್ಲಿ ಏಳು ಕಂಟ್ರೋಲರ್‌ಗಳು ಒಂದರ ಮೇಲೊಂದು ಮಲಗಿವೆ.

ತಳ್ಳಿಕೊಂಡು ಬರುವವರು ಇದೇ ವಾರ್ಡಿನ ಆಯಾ. ವಯಸ್ಸು ಐವತ್ತೊಂದು, ಕನ್ನಡಕದ ಒಂದು ಕಾಲಿಗೆ ಬ್ಯಾಂಡೇಜಿನ ಪಟ್ಟಿ. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿದೆಯಾದರೂ ಅದನ್ನು ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಹದಿನಾಲ್ಕು ವರ್ಷಗಳಿಂದ ಮಕ್ಕಳ ಬಾಯಲ್ಲಿ ಅವರು ಬಟನಕ್ಕ. ಡಾಕ್ಟರುಗಳಿಗೂ ಬಟನಕ್ಕನೇ.

ಡ್ಯೂಟಿ ಶುರುವಾಗುವುದು ಆರೂವರೆಗೆ. ಹಾಸಿಗೆ ಬಟ್ಟೆ ಬದಲಿಸುವುದು, ನೆಲ ಒರೆಸುವುದು, ಮಕ್ಕಳನ್ನು ಎಕ್ಸ್‌ರೇಗೆ ಕರೆದೊಯ್ಯುವುದು, ಇವಿಷ್ಟು ಅವರ ಕೆಲಸದ ಪಟ್ಟಿಯಲ್ಲಿವೆ. ಆಟದ ಗಾಡಿ ಯಾವ ಪಟ್ಟಿಯಲ್ಲೂ ಇಲ್ಲ. ಅದಕ್ಕೇ ಮುಕ್ಕಾಲು ಗಂಟೆ ಮೊದಲೇ ಬಂದು, ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಏಳೂ ಕಂಟ್ರೋಲರ್‌ಗಳ ಒಂದೊಂದು ಬಟನ್ನನ್ನೂ ಒರೆಸುತ್ತಾರೆ. ಸಂದಿಗಳಿಗೆ ಕಿವಿಕಡ್ಡಿ. ವಾರ್ಡಿನಲ್ಲಿ ಇಪ್ಪತ್ತಾರು ಮಂಚ, ಒಬ್ಬೊಬ್ಬರಿಗೆ ನಲವತ್ತು ನಿಮಿಷ ಆಟ. ನಲವತ್ತಮೂರು ಡಿಸ್ಕ್‌ಗಳಲ್ಲಿ ಇವತ್ತಿಗೂ ಓಡುವಂಥವು ಮೂವತ್ತೊಂದು. ಉಳಿದ ಹನ್ನೆರಡನ್ನು ಎಸೆದಿಲ್ಲ. "ಯಾವತ್ತಾದ್ರೂ ಮನಸ್ಸು ಬದಲಾಯಿಸ್ಬಹುದು," ಎನ್ನುತ್ತಾರೆ, ಮುನಿಸಿಕೊಂಡ ನೆಂಟರ ಬಗ್ಗೆ ಹೇಳಿದ ಹಾಗೆ.

ಇವತ್ತು ಗಾಡಿ ಸೀದಾ ಒಂಬತ್ತನೇ ಮಂಚಕ್ಕೆ ಹೋಗುತ್ತದೆ. ಅಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಐದು ಗಂಟೆಯಿಂದ ಎದ್ದು ಕೂತಿದ್ದಾಳೆ. ಏಳೂವರೆಗೆ ಅವಳ ಬಲಗಾಲಿನ ಆಪರೇಷನ್. ರಾತ್ರಿಯಿಂದ ಒಂದು ಗುಟುಕು ನೀರೂ ಇಲ್ಲ.

"ಹೊಟ್ಟೆಗೆ ಏನೂ ಕೊಡೋ ಹಾಗಿಲ್ಲ," ಎನ್ನುತ್ತಾರೆ ಬಟನಕ್ಕ, ವೈರು ಸಿಕ್ಕಿಸುತ್ತಾ. "ಕೈಗಾದ್ರೂ ಏನಾದ್ರೂ ಕೊಡ್ಬೇಕಲ್ಲ."

ಹುಡುಗಿ ಹಾರಿ ಓಡುವ ಆಟವೊಂದರ ಕೊನೆಯ ಹಂತಕ್ಕೆ ಬಂದಿದ್ದಾಳೆ. ಹಳೆಯ ಆಟ. ಹಂತ ಮುಗಿಯುವವರೆಗೆ ಎಲ್ಲೂ ಉಳಿಸಿಕೊಳ್ಳುವ ಹಾಗಿಲ್ಲ. ಏಳೂ ಇಪ್ಪತ್ತಕ್ಕೆ ಸ್ಟ್ರೆಚರ್ ಬಂದು ನಿಂತಾಗ ಪರದೆಯ ಮೇಲಿನ ಪುಟ್ಟ ಗೊಂಬೆ ಕಂದಕವೊಂದರ ಮೇಲೆ, ಗಾಳಿಯಲ್ಲಿದೆ. ಹುಡುಗಿ ಹೆಬ್ಬೆರಳಿನಿಂದ ನಡುವಿನ ಬಟನ್ ಒತ್ತುತ್ತಾಳೆ. ಗೊಂಬೆ ಇದ್ದಲ್ಲೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಏನೇನೋ ಹೆಸರಿರಬಹುದು, ಈ ವಾರ್ಡಿನ ಮಕ್ಕಳಿಗೆ ಅದು ‘ತಡಿ’ ಬಟನ್.

"ಬಟನಕ್ಕ, ಯಾರೂ ಮುಟ್ಟಲ್ಲ ತಾನೇ?"

"ಮುಟ್ಟಿದ್ರೆ ಕೈ ಮುರೀತೀನಿ. ಮೂಳೆ ಡಾಕ್ಟ್ರು ಹೇಗೂ ಇಲ್ಲೇ ಇದ್ದಾರೆ."

ಹುಡುಗಿ ನಗುತ್ತಲೇ ಬಾಗಿಲು ದಾಟುತ್ತಾಳೆ. ಬಟನಕ್ಕ ಟಿವಿಯನ್ನಷ್ಟೇ ಆರಿಸಿ, ಕನ್ಸೋಲ್ ಆರಿಸದೆ, ಗೋಡೆಯ ಪ್ಲಗ್ಗಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಾರೆ. ಆ ಬಟ್ಟೆ ಕಂಡರೆ ವಾರ್ಡಿನಲ್ಲಿ ಯಾರೂ ಅತ್ತ ಸುಳಿಯುವುದಿಲ್ಲ.

ಅದಕ್ಕೊಂದು ಹಿನ್ನೆಲೆಯಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹುಡುಗ ಹೀಗೇ ಆಟ ನಿಲ್ಲಿಸಿ ಆಪರೇಷನ್ನಿಗೆ ಹೋಗಿದ್ದ. ನೆಲ ತೊಳೆಯುವ ಮೆಷಿನ್ನಿಗೆ ಜಾಗ ಬೇಕಾಯಿತು, ಯಾರೋ ಪ್ಲಗ್ ಕಿತ್ತರು. ಆ ಯಾರೋ ಬೇರೆ ಯಾರೂ ಅಲ್ಲ, ಸ್ವತಃ ಬಟನಕ್ಕ. "ಅಭ್ಯಾಸಬಲ ನೋಡಿ, ಕೈ ಹೋಗಿಬಿಡ್ತು. ಸಂಜೆ ಆ ಮಗು ಕಣ್ಣು ಬಿಟ್ಟು ಖಾಲಿ ಪರದೆ ನೋಡ್ತು. ಅಳ್ಲಿಲ್ಲ. ‘ನಾನು ಸೋತ್ನಾ?’ ಅಂತ ಕೇಳ್ತು. ಏನಂತ ಹೇಳೋದು? ಅವನು ಸೋತಿರ್ಲಿಲ್ಲ, ಗೆದ್ದಿರ್ಲಿಲ್ಲ. ನಾನು ಮುಗಿಸಿಬಿಟ್ಟಿದ್ದೆ." ಅಂದಿನಿಂದ ಕೆಂಪು ಬಟ್ಟೆ.

ಆಟದ ಹುಚ್ಚು ಅವರಿಗೆ ಹತ್ತಿದ್ದು ಹದಿನಾರನೇ ವಯಸ್ಸಿನಲ್ಲಿ. ಅಣ್ಣನದೊಂದು ವಿಡಿಯೊ ಗೇಮ್ ಅಂಗಡಿಯಿತ್ತು. ಗಂಟೆಗಿಷ್ಟು ಅಂತ ಹುಡುಗರು ಬಂದು ಆಡುತ್ತಿದ್ದರು, ತಂಗಿ ಕಸ ಗುಡಿಸುತ್ತಿದ್ದಳು. ಸಮಯ ಮುಗಿದು ಗಿರಾಕಿ ಅರ್ಧಕ್ಕೆ ಎದ್ದು ಹೋದರೆ ಉಳಿದರ್ಧ ಆಟ ಅವಳದು. "ನಾನು ಯಾವ ಆಟಾನೂ ಮೊದಲಿಂದ ಆಡಿದವಳಲ್ಲ. ಬೇರೆಯವರು ಬಿಟ್ಟುಹೋದ ಕಡೆಯಿಂದ್ಲೇ ಶುರು. ಅದಕ್ಕೇ ಕಷ್ಟದ ಜಾಗಗಳೆಲ್ಲ ನನಗೆ ಚೆನ್ನಾಗಿ ಗೊತ್ತು." ಎಲ್ಲರ ಕೈಗೂ ಫೋನು ಬಂದ ಮೇಲೆ ಅಂಗಡಿ ಬಾಗಿಲು ಹಾಕಿತು. ಅಣ್ಣ ತಂಗಿಯ ಪಾಲಿಗೆಂದು ಒಂದು ಕನ್ಸೋಲ್, ಒಂದು ಪೆಟ್ಟಿಗೆ ಡಿಸ್ಕ್ ಕೊಟ್ಟ.

ಬಟನಕ್ಕನ ಎಂಟು ವರ್ಷದ ಮಗಳು ಸೊಂಟದ ಮೂಳೆಗೆ ಪೆಟ್ಟು ಮಾಡಿಕೊಂಡು ಇದೇ ವಾರ್ಡಿಗೆ ಸೇರಿದ್ದು ಅದಾದ ಕೆಲವು ವರ್ಷಗಳಿಗೆ. ನಲವತ್ತೆರಡು ದಿನ ಮಗ್ಗುಲು ಬದಲಿಸುವಂತಿರಲಿಲ್ಲ. ತಾಯಿ ಪಕ್ಕದ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದರು. ಹೊಲಿಗೆ ಕಾರ್ಖಾನೆಯಲ್ಲಿ ಅವರಿಗಿದ್ದ ಕೆಲಸ ಅಷ್ಟರಲ್ಲಿ ಕೈಬಿಟ್ಟುಹೋಯಿತು. ಮಗಳ ಅಳು ನೋಡಲಾರದೆ ಮನೆಯಿಂದ ಆ ಕನ್ಸೋಲ್ ತಂದರು. ಮಗಳು ಗುಣವಾಗಿ ಹೊರಡುವ ದಿನ ನೋಡಿದರೆ ಪಕ್ಕದ ಮಂಚದ ಮಗು ಆಡುತ್ತಾ ಮೈಮರೆತಿದೆ. "ಅರ್ಧ ಆಟದಲ್ಲಿ ಕಿತ್ಕೊಂಡು ಬರೋಕೆ ಮನಸ್ಸು ಬರಲಿಲ್ಲ. ಬಿಟ್ಟು ಬಂದೆ. ವಾರ ಬಿಟ್ಟು ತರೋಕೆ ಹೋದ್ರೆ ಇನ್ನೊಂದು ಮಗು ಆಡ್ತಿದೆ. ಮತ್ತೊಂದು ವಾರಕ್ಕೆ ಮತ್ತೊಂದು. ಕೊನೆಗೆ ಸಿಸ್ಟರೇ ಹೇಳಿದ್ರು, ಆಯಾ ಕೆಲಸ ಖಾಲಿ ಇದೆ, ದಿನಾ ಬಂದು ನೋಡ್ಕೊಂಡು ಹೋಗು ಅಂತ." ಗಂಡ ಟೈಲರ್. ಟೇಪು ಕುತ್ತಿಗೆಗೆ ಹಾಕಿಕೊಂಡೇ ಇವತ್ತಿಗೂ ರೇಗಿಸುತ್ತಾರೆ: "ಸಾಮಾನು ತರ್ತೀನಿ ಅಂತ ಹೋದವಳು ಹದಿನಾಲ್ಕು ವರ್ಷ ಆಯ್ತು, ಇನ್ನೂ ತಂದಿಲ್ಲ." ಆ ಮಗಳು ಈಗ ಈಜು ಕಲಿಸುವ ಟೀಚರ್.

ಹಾಗಂತ ಬಟನಕ್ಕ ಹಳೆಯದಕ್ಕೆ ಜೋತುಬಿದ್ದವರು ಅಂದುಕೊಂಡರೆ ತಪ್ಪು. ಹೊಸ ಕನ್ಸೋಲ್‌ಗಳ ವಿಷಯ ಎತ್ತಿದರೆ ಕೈಯ ಬಕೆಟ್ಟು ಕೆಳಗಿಟ್ಟು ಮಾತಾಡುತ್ತಾರೆ. "ಚಿತ್ರ ಅಂದ್ರೆ ಕಣ್ಣು ಕೀಳೋಕಾಗಲ್ಲ. ಹುಲ್ಲು ಅಲ್ಲಾಡೋದು ಕಾಣುತ್ತೆ! ಯಾವ ಬಟನ್ನಿನ ಕೆಲಸ ಯಾವುದಕ್ಕೆ ಬೇಕಾದ್ರೂ ಕೊಡ್ಬಹುದು. ಒಂದು ಕೈಗೆ ಪ್ಲಾಸ್ಟರ್ ಹಾಕಿದ ಮಗು ಇನ್ನೊಂದು ಕೈಯಲ್ಲೇ ಆಡುತ್ತೆ. ಹಳೇದ್ರಲ್ಲಿ ಅದಕ್ಕೆ ನಾನು ಒಳಗಿನ ವೈರನ್ನೇ ಬಿಚ್ಚಿ ಬೆಸುಗೆ ಹಾಕ್ಬೇಕಿತ್ತು. ಮೂರು ಸಲ ಬೆರಳು ಸುಟ್ಕೊಂಡಿದೀನಿ." ದೂರೂ ಇದೆ. "ಡಿಸ್ಕ್ ಹಾಕೋ ಬಾಯೇ ಇಲ್ಲ. ಆಟ ಕೊಂಡ್ಕೊಂಡ್ರೂ ಅದು ನಮ್ಮನೇಲಿ ಇರಲ್ಲ, ಎಲ್ಲೋ ಇರುತ್ತೆ. ಒಂದು ಮಗು ಇನ್ನೊಂದಕ್ಕೆ ‘ತಗೋ, ನೀನಾಡು’ ಅಂತ ಕೊಡೋಕಾಗಲ್ಲ. ಖಾತೆ ಬೇಕು, ಹುಟ್ಟಿದ ದಿನ ಬೇಕು, ಪಾಸ್‌ವರ್ಡ್ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ."

ಈ ಮಾತು ಸುಮ್ಮನೆ ಬಂದಿದ್ದಲ್ಲ. ಕಳೆದ ತಿಂಗಳು ಒಬ್ಬ ದಾನಿ ಎರಡು ಹೊಚ್ಚಹೊಸ ಕನ್ಸೋಲ್ ಕೊಟ್ಟಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಆಸ್ಪತ್ರೆಯ ಬಸವನಹುಳು ಇಂಟರ್ನೆಟ್ಟಿನಲ್ಲಿ ಅವುಗಳ ಅಪ್‌ಡೇಟ್ ಮುಗಿಯಲು ಎರಡು ದಿನ ಹಿಡಿಯಿತು. ಜೊತೆಗೆ ಬಂದ ಆಟಗಳೆಲ್ಲ ಆನ್‌ಲೈನಿನವು, ಎಲ್ಲೆಲ್ಲಿಯದೋ ಜನರ ಜೊತೆ ಆಡುವಂಥವು. ಹೊಸದು ಬಂತಲ್ಲ, ಇನ್ನು ಹಳೆಯದೇಕೆ ಎಂದು ಆಫೀಸಿನವರು ಹಳೆಯ ಎರಡು ಕನ್ಸೋಲ್‌ಗಳನ್ನು ‘ಸುರಕ್ಷಿತವಲ್ಲದ ಹಳೆ ವಿದ್ಯುತ್ ಸಾಮಾನು’ ಎಂಬ ಪಟ್ಟಿಗೆ ಸೇರಿಸಿದ್ದಾರೆ. ಗುಜರಿ ವ್ಯಾನು ಬರುವುದು ಇವತ್ತೇ, ಹತ್ತು ಗಂಟೆಗೆ. ಒಂಬತ್ತನೇ ಮಂಚದ ಹುಡುಗಿ ಥಿಯೇಟರಿನಿಂದ ಹೊರಬರುವುದು ಹನ್ನೆರಡರ ಮೇಲೆ.

ಒಂಬತ್ತು ಗಂಟೆಗೆ ಎಲೆಕ್ಟ್ರಿಷಿಯನ್ ಪಟ್ಟಿ ಹಿಡಿದು ಬರುತ್ತಾನೆ. ಕೆಂಪು ಬಟ್ಟೆ ನೋಡಿ ತಲೆ ಕೆರೆದುಕೊಳ್ಳುತ್ತಾನೆ.

"ಅಕ್ಕ, ನನ್ನ ಮೇಲೆ ಕೋಪ ಮಾಡ್ಕೋಬೇಡಿ. ಸಹಿ ಆಗಿ ಬಂದಿದೆ."

"ನಿನ್ನ ಮೇಲೇನು ಕೋಪ? ಮಧ್ಯಾಹ್ನ ತಗೊಂಡು ಹೋಗಪ್ಪ."

"ವ್ಯಾನು ಕಾಯಲ್ಲ ಅಕ್ಕ."

ಬಟನಕ್ಕ ಜಗಳಗಂಟಿಯಲ್ಲ. ಎದುರು ಮಾತಾಡಿದರೆ ಕೆಲಸಕ್ಕೇ ಕುತ್ತು ಬರಬಹುದೆಂಬ ಭಯವೂ ಇದೆ. ಆದರೆ ಅಷ್ಟರಲ್ಲಿ ಆಸ್ಪತ್ರೆಯ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡ ಡಾಕ್ಟ್ರು, ರೌಂಡ್ಸಿಗೆ ಬರುತ್ತಾರೆ. ಗೋಡೆಯ ದೊಡ್ಡ ಟಿವಿಗೆ ಜೋಡಿಸಿದ ಹೊಸ ಕನ್ಸೋಲ್ ನೋಡಿ ಅವರ ಮುಖ ಅರಳುತ್ತದೆ. ಬಟನಕ್ಕ ಕಂಟ್ರೋಲರ್ ಒರೆಸಿ ಅವರ ಕೈಗಿಡುತ್ತಾರೆ.

"ಸರ್, ನೀವೇ ಒಂದಾಟ ಆಡಿ ಉದ್ಘಾಟನೆ ಮಾಡಿ."

ದೊಡ್ಡ ಡಾಕ್ಟರು ಕಾರ್ ರೇಸಿಗೆ ಇಳಿಯುತ್ತಾರೆ. ಎರಡು ಸಲ ಗೋಡೆಗೆ ಗುದ್ದಿ, ಮೂರನೇ ಸುತ್ತಿಗೆ ನಾಲ್ಕನೇ ಸ್ಥಾನಕ್ಕೆ ಬಂದು, ನಾಲಿಗೆ ತುದಿ ಹೊರಗೆ ಚಾಚಿ ಪೂರ್ತಿ ಮುಳುಗಿದ್ದಾಗ ಅವರ ಫೋನ್ ಬಡಿದುಕೊಳ್ಳುತ್ತದೆ. ನಡುವಿನ ಬಟನ್ ಒತ್ತುತ್ತಾರೆ. ಪರದೆಯ ಮೇಲೆ ಆಯ್ಕೆಗಳ ಪಟ್ಟಿಯೊಂದು ತೆರೆಯುತ್ತದೆ, ಅದರ ಹಿಂದೆ ಕಾರುಗಳು ಓಡುತ್ತಲೇ ಇವೆ. ಇನ್ನೊಂದು ಬಟನ್ ಒತ್ತುತ್ತಾರೆ, ಮತ್ತೊಂದು. ಫೋನಿನಲ್ಲಿ ಎರಡು ಮಾತಾಡಿ ತಿರುಗುವಷ್ಟರಲ್ಲಿ, ಆಡುತ್ತಿಲ್ಲವಾದ್ದರಿಂದ ನಿಮ್ಮನ್ನು ಪಂದ್ಯದಿಂದ ಹೊರಹಾಕಲಾಗಿದೆ ಎಂಬ ಸಾಲು ಪರದೆಯ ಮೇಲೆ ಮಿನುಗುತ್ತಿದೆ. ಮಂಚಗಳ ಮೇಲಿನ ಮಕ್ಕಳು ಹೋ ಎನ್ನುತ್ತವೆ.

"ಇದೇನ್ರೀ ಇದು! ಒಂದು ನಿಮಿಷ ಕಾಯಲ್ವಾ?"

"ಇಲ್ಲ ಸರ್," ಎನ್ನುತ್ತಾರೆ ಬಟನಕ್ಕ. "ಇದ್ರಲ್ಲಿ ನಿಲ್ಲಿಸೋ ಬಟನ್ ಇಲ್ಲ. ನಿಮ್ಮ ಒಂದು ಫೋನಿಗೇ ಕಾಯಲ್ಲ. ನೀವು ಮೂರು ಮೂರು ಗಂಟೆ ಆಪರೇಷನ್ ಮಾಡ್ತೀರ. ಮನೆಯಲ್ಲಿ ಆಡೋರಿಗೆ ಇದು ಸರಿ. ಇಲ್ಲಿ ಮಕ್ಕಳನ್ನ ಯಾವಾಗ ಬೇಕಾದ್ರೂ ಕರ್ಕೊಂಡು ಹೋಗ್ತಾರೆ, ಸೂಜಿಗೆ, ಎಕ್ಸ್‌ರೇಗೆ, ಥಿಯೇಟರಿಗೆ. ಕಾಯದೇ ಇರೋ ಆಟ ಆಸ್ಪತ್ರೆಗೆ ಆಗಲ್ಲ ಸರ್."

ಆಮೇಲೆ ಒಂಬತ್ತನೇ ಮಂಚದ ಬಳಿ ಹೋಗಿ ಟಿವಿ ಹಾಕುತ್ತಾರೆ. ಗೊಂಬೆ ಕಂದಕದ ಮೇಲೆ ಹಾಗೇ ನಿಂತಿದೆ. "ಇದನ್ನ ಬಿಟ್ಟು ಹೋದವಳು ಈಗ ನಿಮ್ಮ ಥಿಯೇಟರಿನಲ್ಲಿದಾಳೆ. ಬರ್ತೀನಿ ಅಂತ ಹೇಳಿ ಹೋಗಿದಾಳೆ."

ದೊಡ್ಡ ಡಾಕ್ಟರು ಪರದೆಯನ್ನೇ ನೋಡುತ್ತಾರೆ, ಕೆಂಪು ಬಟ್ಟೆ ನೋಡುತ್ತಾರೆ. ಎಲೆಕ್ಟ್ರಿಷಿಯನ್ ಕಡೆ ತಿರುಗಿ, "ಇದ್ರಲ್ಲಿ ಅಪಾಯ ಏನಿದೆ?" ಎಂದು ಕೇಳುತ್ತಾರೆ. ಅವನು ಮಂಡಿಯೂರಿ, ಪ್ಲಗ್ ಕೀಳದೆಯೇ, ಪರೀಕ್ಷಿಸುತ್ತಾನೆ. ಈ ಕನ್ಸೋಲ್ ಗಟ್ಟಿಯಾಗಿದೆ. ಇನ್ನೊಂದರ ವೈರು ಮಾತ್ರ ಸವೆದಿದೆ. "ವೈರು ಬದಲಾಯಿಸಿದ್ರೆ ಮುಗೀತು ಸರ್. ಹತ್ತು ನಿಮಿಷದ ಕೆಲಸ," ಎನ್ನುವಾಗ ಅವನ ಮುಖದಲ್ಲೂ ಗೆಲುವು ಕಾಣುತ್ತದೆ. ಡಾಕ್ಟರು ಪಟ್ಟಿ ಇಸಿದುಕೊಂಡು ಎರಡು ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡುತ್ತಾರೆ. ವ್ಯಾನು ಮುರಿದ ಫ್ಯಾನು, ತುಕ್ಕು ಹಿಡಿದ ಹೀಟರು ತುಂಬಿಕೊಂಡು ಹೋಗುತ್ತದೆ. ಬಟನಕ್ಕ ಹಾಸಿಗೆ ಬಟ್ಟೆಗಳ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬರುತ್ತಾರೆ.

ಹುಡುಗಿ ಬಂದಾಗ ಹನ್ನೆರಡೂ ಮುಕ್ಕಾಲು. ಮಂಪರಿನಲ್ಲೇ ತುಟಿ ಅಲ್ಲಾಡಿಸುತ್ತಾಳೆ: "ಇದೆಯಾ?"

"ಇದೆ ಕಣೇ. ಮಲಗು."

ಅವತ್ತು ಅವಳಿಗೆ ಕೈ ಎತ್ತಲೂ ಆಗುವುದಿಲ್ಲ. ಕೆಂಪು ಬಟ್ಟೆ ಹಗಲೆಲ್ಲ, ರಾತ್ರಿಯೆಲ್ಲ ಹಾಗೇ ಇರುತ್ತದೆ. ಹೋಗುವ ಮುಂಚೆ ರಾತ್ರಿ ಪಾಳಿಯ ಸಿಸ್ಟರಿಗೆ ಬಟನಕ್ಕ ಮೂರು ಸಲ ಹೇಳಿದ್ದಾರೆ. ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಾರೆ.

ಮರುದಿನ ಬೆಳಗಿನ ಆರೂಕಾಲು. ಕಿಟಕಿಯ ಬೆಳಕು ಮಂಚದ ಕಂಬಿಗೆ ತಾಗಿದೆ. ಹುಡುಗಿಯ ಬೆನ್ನಿಗೆ ಎರಡು ದಿಂಬು, ಕಾಲಿಗೆ ತೊಡೆಯವರೆಗೂ ಪ್ಲಾಸ್ಟರ್. ಅಕ್ಕಪಕ್ಕದ ಮಂಚಗಳಲ್ಲಿ ಎಚ್ಚರವಿದ್ದವರೆಲ್ಲ ಕತ್ತು ಉದ್ದ ಮಾಡಿದ್ದಾರೆ. ಬಟನಕ್ಕ ಟಿವಿ ಹಾಕಿ ಕಂಟ್ರೋಲರ್ ಅವಳ ಕೈಗೆ ಕೊಡುತ್ತಾರೆ. ಹುಡುಗಿ ದೊಡ್ಡದಾಗಿ ಉಸಿರೆಳೆದುಕೊಂಡು ‘ತಡಿ’ ಬಟನ್ ಒತ್ತುತ್ತಾಳೆ.

ಇಪ್ಪತ್ತಮೂರು ಗಂಟೆ ಗಾಳಿಯಲ್ಲಿ ನಿಂತಿದ್ದ ಗೊಂಬೆ ಒಂದೇ ಕ್ಷಣದಲ್ಲಿ ಕಂದಕಕ್ಕೆ ಬೀಳುತ್ತದೆ.

ಬಟನಕ್ಕನ ಕೈ ಬಾಯಿಗೆ ಹೋಗಿದೆ. ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ಹೊಲಿಗೆ ನೋಯುವಷ್ಟು ನಗುತ್ತಾಳೆ.

"ಅಯ್ಯೋ! ಬಟನಕ್ಕ, ನಾನೇ ಬಿದ್ದೆ! ಜಾಸ್ತಿ ಹಾರಿಬಿಟ್ಟಿದ್ದೆ ಅನ್ಸುತ್ತೆ."

"ಹೌದು, ನೀನೇ ಬಿದ್ದಿದ್ದು," ಎನ್ನುತ್ತಾರೆ ಬಟನಕ್ಕ. ಅವರ ಮುಖದ ಮೇಲಿನ ಸಂತೋಷ ನೋಡಿದವರು ಹುಡುಗಿ ಗೆದ್ದಳೆಂದೇ ತಿಳಿಯಬೇಕು. "ಇನ್ನೊಂದ್ಸಲ ಆಡು. ನಲವತ್ತು ನಿಮಿಷ ಪೂರ್ತಿ ನಿಂದೇ."

ಡ್ಯೂಟಿಯ ಗಂಟೆ ಹತ್ತಿರವಾಗಿದೆ. ಬಕೆಟ್ಟು ಎತ್ತಿಕೊಂಡು ಹೊರಟವರನ್ನು, ನಿಮಗೇನಾದರೂ ಆಸೆ ಇದೆಯಾ ಎಂದು ಕೇಳಿದರೆ ಮೊದಲು ಗಾಡಿಗೊಂದು ಹೊಸ ಚಕ್ರ ಎನ್ನುತ್ತಾರೆ. ಎರಡು ಹೆಜ್ಜೆ ಹೋದವರು ನಿಂತು ತಿರುಗುತ್ತಾರೆ.

"ಹೊಸ ಆಟ ಮಾಡೋರಿಗೆ ಒಂದು ಮಾತು ಹೇಳ್ಬೇಕು ಅನ್ಸುತ್ತೆ. ಏನು ಬೇಕಾದ್ರೂ ಬದಲಾಯಿಸ್ಲಿ, ಆ ಒಂದು ಬಟನ್ ಮಾತ್ರ ತೆಗೀಬೇಡಿ ಅಂತ. ಗೆಲ್ಲಲಿ, ಸೋಲಲಿ, ಮಗು ಆಟ ಮಗೂನೇ ಮುಗಿಸ್ಬೇಕು. ಅಲ್ಲೀವರೆಗೂ ಪ್ಲಗ್ ಕಾಯೋಕೆ ನಾನಿದೀನಲ್ಲ."