ಹಿರಿಯರನ್ನು ಕರೆಯುವ ಮಾತು

ಕಳೆದ ವಾರ ಗೋಡೆಬೀರುವಿನ ಮೇಲಿನ ಅರೆ ಒರೆಸುವಾಗ ಹಳೆಯ ಔಷಧದ ಬಾಟಲಿಯೊಂದು ಸಿಕ್ಕಿತು. ಅದರ ಪಕ್ಕಕ್ಕೆ ಉದ್ದನೆಯ ಕಾಗದದ ಪಟ್ಟಿ ಅಂಟಿಸಿದ್ದಾರೆ. ಪಟ್ಟಿಯ ಅಂಚನ್ನು ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿದ್ದಾರೆ. ಒಂದು ಹಲ್ಲಿನಿಂದ ಇನ್ನೊಂದರವರೆಗೆ ಒಂದು ಸಲದ ಔಷಧ. ಆಗೆಲ್ಲ ಅಳತೆ ಹಾಗೇ ಇರುತ್ತಿತ್ತು. ಬಿರಡೆ ತೆಗೆದು ಮೂಸಿದೆ. ಪೆಪ್ಪರ್‌ಮಿಂಟಿನ ವಾಸನೆ ಬಂತು… ಹೀಗೆ ಬರೆದ ಕೂಡಲೇ ಅನುಮಾನವಾಗುತ್ತದೆ. ಇಷ್ಟು ವರ್ಷ ಒಂದು ವಾಸನೆ ಉಳಿಯುತ್ತದೆಯೇ? ಸೊಸೆಗೆ ಮೂಸಲು ಕೊಟ್ಟೆ. "ಬರೀ ದೂಳು" ಎಂದಳು. ಅವಳದೇ ಸರಿ ಇರಬೇಕು. ಆದರೂ ನನಗೆ ಬಂದದ್ದು ಪೆಪ್ಪರ್‌ಮಿಂಟೇ.

ಆ ಪಟ್ಟಿ ಕತ್ತರಿಸಿದವರು ನಮ್ಮ ತೋಟದ ಡಿಸ್ಪೆನ್ಸರಿಯ ಕಾಂಪೌಂಡರು. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ದಿನಗಳು. ಕಕ್ಕಬೆಯ ಕಡೆ ನನ್ನ ತಾತನಿಗೆ ಕಾಫಿ, ಏಲಕ್ಕಿ ತೋಟವಿತ್ತು. ಸುತ್ತಲಿನ ನಾಲ್ಕು ತೋಟಗಳ ಲೈನುಮನೆಯ ಕೂಲಿಯವರಿಗೆಲ್ಲ ಔಷಧ ಕೊಡುವ ಆ ಡಿಸ್ಪೆನ್ಸರಿ ತಾತನ ಕಟ್ಟಡದಲ್ಲಿತ್ತು. ಡಾಕ್ಟರು ವಾರಕ್ಕೊಮ್ಮೆ ಜೀಪಿನಲ್ಲಿ ಬಂದು ಚೀಟಿ ಬರೆದು ಹೋಗುತ್ತಿದ್ದರು. ಉಳಿದ ಆರು ದಿನ ಎಲ್ಲವೂ ಕಾಂಪೌಂಡರೇ. ಕಟ್ಟಡದ ಹಿಂದಿನ ಎರಡು ಕೋಣೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಡನೆ ಅವರ ಸಂಸಾರ.

ಮಂಗಳೂರಿನ ಕಡೆಯವರು. ಕುಳ್ಳು, ಕಪ್ಪು, ಕೋಟಿನ ಗುಂಡಿ ಹಾಕಲಾಗದಷ್ಟು ಹೊಟ್ಟೆ. ಪಾದ್ರಿಯಾಗಲು ಓದಲು ಹೋಗಿ ಕೊನೆಯ ವರ್ಷ ಬಿಟ್ಟು ಬಂದವರು. ಯಾಕೆ ಬಿಟ್ಟರು ಎನ್ನುವುದಕ್ಕೆ ಲೈನಿನಲ್ಲಿ ನಾಲ್ಕು ಕತೆಗಳಿದ್ದವು, ನಾಲ್ಕೂ ಬೇರೆ ಬೇರೆ. ಅಲ್ಲಿ ಕಲಿತ ಲ್ಯಾಟಿನ್ನನ್ನು ಮಾತ್ರ ಅವರು ಬಿಡಲಿಲ್ಲ. ಸಂಸ್ಕೃತವನ್ನು ಆಮೇಲೆ ತಾವೇ ಪುಸ್ತಕವಿಟ್ಟುಕೊಂಡು ಕಲಿತರಂತೆ.

ನಾನು ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದೆ. ರಜೆಗೆ ಬಂದಾಗ ಅವರ ಕಿಟಕಿಯ ಬಳಿ ನಿಲ್ಲುವುದು ನನ್ನ ಚಟ. "ಬನ್ನಿ ಕಾಲೇಜಮ್ಮ, ಇವತ್ತು ಯಾವ ಕಾಯಿಲೆ ಸುಳ್ಳು ಹೇಳ್ತೀರಿ?" ಎಂದು ಕೇಳುತ್ತಿದ್ದರು. ಒಮ್ಮೆ ಡಾಕ್ಟರ ಚೀಟಿಯ ಎರಡು ಅಕ್ಷರ ತೋರಿಸಿ ಇದೇನು ಎಂದೆ. ಲ್ಯಾಟಿನ್ ಮಾತಿನ ಮೊದಲಕ್ಷರಗಳು ಎಂದರು. ಪೂರ್ತಿ ಹೇಳಿದರೆ ತೇರ್ ದಿಯೆ, ದಿನಕ್ಕೆ ಮೂರು ಸಲ. ತೇರ್ ಎಂದರೆ ಸಂಸ್ಕೃತದ ತ್ರಿಃ, ದಿಯೆ ಎಂದರೆ ದಿವ, ದಿನ. "ನಮ್ಮ ಮನೆಯ ಕೊಂಕಣಿಯಲ್ಲಿ ತೀನ್, ದೀಸ್. ನನ್ನ ಹೆಂಡತಿ ಅಡುಗೆಮನೆಯಲ್ಲಿ ಆಡೋ ಮಾತು ರೋಮಿನವರ ಮಾತಿಗೆ ದಾಯಾದಿ, ಗೊತ್ತಾ? ಅವಳಿಗೆ ಹೇಳಬೇಡಿ, ಮೊದಲೇ ಬಿಗುಮಾನ."

ಹೀಗೆ ಔಷಧ ಬೆರೆಸುತ್ತ, ಬಾಟಲಿ ಕುಲುಕುತ್ತ ಅವರು ಹೇಳಿದ್ದೆಷ್ಟೋ. ಎಂದೋ ಎಲ್ಲೋ ಒಂದೇ ಬೆಂಕಿಯ ಸುತ್ತ ಕೂತಿದ್ದ ಜನ ಕುದುರೆ, ಬಂಡಿ ಕಟ್ಟಿಕೊಂಡು ದಿಕ್ಕುದಿಕ್ಕಿಗೆ ಹೋದರು. ಹೋಗುವಾಗ ಅಪ್ಪ, ಅಮ್ಮ, ಅಣ್ಣ ಎನ್ನುವ ಮಾತುಗಳನ್ನೂ ಎಣಿಕೆಯನ್ನೂ ದೇವರನ್ನೂ ಗಂಟುಕಟ್ಟಿ ಒಯ್ದರು. ಆಕಾಶವನ್ನು ತಂದೆ ಎಂದು ಕರೆದದ್ದು ವೇದದ ಋಷಿ ಮಾತ್ರವಲ್ಲ, ರೋಮಿನ ರೈತನೂ ಹೌದು. ಬೆಳಗಿನ ಕೆಂಪನ್ನು ನಾವು ಉಷೆ ಎಂದೆವು; ಗ್ರೀಕರೂ ಅವಳನ್ನು ಹೆಣ್ಣೆಂದೇ ಪೂಜಿಸಿದರು. ನೀರು ತಡೆದ ಹಾವನ್ನು ಸಿಡಿಲಿನ ದೇವರು ಕೊಂದ ಕತೆಯನ್ನು ಹಿಮದ ನಾಡಿನವರೂ ತಮ್ಮ ಬಗೆಯಲ್ಲಿ ಹೇಳಿಕೊಂಡರು. ಅವರು ಹೇಳುವಾಗ ಅದು ಪುಸ್ತಕದ ವಿಷಯ ಅನ್ನಿಸುತ್ತಿರಲಿಲ್ಲ. ಪಕ್ಕದ ಊರಿಗೆ ಮದುವೆಯಾಗಿ ಹೋದವರ ಸುದ್ದಿ ಹೇಳಿದ ಹಾಗಿರುತ್ತಿತ್ತು. ಮೈಸೂರಿನ ನಮ್ಮ ಪ್ರೊಫೆಸರರು ಇದನ್ನೇ ಎರಡು ತಿಂಗಳು ಪಾಠ ಮಾಡಿದರು. ನನಗೆ ನೆನಪಿರುವುದು ಕಿಟಕಿಯ ಪಾಠ.

ಕೆಲವೊಮ್ಮೆ ತಾತನೂ ಬಂದು ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ಅಲ್ಲೇ ತೊಡಕು ಶುರುವಾದದ್ದು.

ನಾವು ಕೊಡವರು ಗ್ರೀಕ್ ಸೈನ್ಯದಿಂದ ಇಲ್ಲೇ ಉಳಿದುಕೊಂಡ ಯೋಧರ ಸಂತಾನ ಎಂಬ ಮಾತು ಆಗ ನಮ್ಮಲ್ಲಿ ಹಲವರ ಬಾಯಲ್ಲಿತ್ತು. ನಮ್ಮ ಕುಪ್ಯದ ಉಡುಪು, ಸೊಂಟದ ಪೀಚೆಕತ್ತಿ, ಎತ್ತರದ ಮೂಗು, ಎಲ್ಲವೂ ಅದಕ್ಕೆ ಸಾಕ್ಷಿ. ತಾತನಿಗೆ ಇದನ್ನು ಕ್ಲಬ್ಬಿನಲ್ಲಿ ಬಿಳಿಯ ಪ್ಲಾಂಟರೊಬ್ಬ ಹೇಳಿದ್ದನಂತೆ. ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ನಂಟಿದೆ ಎಂದು ಕಾಂಪೌಂಡರ ಬಾಯಲ್ಲಿ ಕೇಳಿದ ಮೇಲೆ, ಗ್ರೀಕರಿಗೂ ನಮಗೂ ನಂಟು ಸಿದ್ಧವಾಯಿತು ಎಂದೇ ಅವರು ತಿಳಿದರು. ನಲವತ್ತು ಪುಟದ ಪುಸ್ತಕ ಬರೆದರು.

ಈಗ ನಗುವುದು ಸುಲಭ. ಆದರೆ ಆಗ ಕೊಡಗನ್ನು ಮೈಸೂರಿಗೆ ಸೇರಿಸುವ ಮಾತು ನಡೆದಿತ್ತು. "ಇಷ್ಟು ಚಿಕ್ಕ ನಾಡು. ಕರಗಿಹೋದ ಮೇಲೆ ನಾವು ಯಾರು ಅಂತ ಹೇಳೋರು ಯಾರು?" ಎಂದು ತಾತ ಕೇಳುತ್ತಿದ್ದರು. ಅವರ ಹೆದರಿಕೆ ನಿಜವಾದದ್ದು.

ಆ ನಲವತ್ತು ಪುಟಗಳನ್ನು ಅಚ್ಚಿಗೆ ಚೊಕ್ಕವಾಗಿ ನಕಲು ಮಾಡಿದವಳು ನಾನು. ನಮ್ಮ ಮಾತು ತೆಂಕಣದ ಭಾಷೆಗಳ ಮನೆಗೆ ಸೇರಿದ್ದು, ಗ್ರೀಕಿನ ಮನೆಗಲ್ಲ ಎಂದು ನನಗೆ ಗೊತ್ತಿತ್ತು. ಅದನ್ನೇ ಬರೆದು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದಿದ್ದೆ. ತಾತನ ಮುಂದೆ ಬಾಯಿ ಬಿಡಲಿಲ್ಲ. ಪ್ರೀತಿಯಿಂದ ಸುಮ್ಮನಿದ್ದೆ ಎಂದು ಬಹಳ ಕಾಲ ನಂಬಿದ್ದೆ…

ಗತಿಸಿದ ಹಿರಿಯರಿಗೆ, ಅಂದರೆ ನಮ್ಮ ಕಾರಣರಿಗೆ, ವರ್ಷಕ್ಕೊಮ್ಮೆ ಎಡೆ ಇಡುವ ದಿನ ಬಂಧುಗಳೆಲ್ಲ ನಮ್ಮ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದ್ದರು. ಬಾಳೆಲೆಯ ಮೇಲೆ ಕಡಂಬುಟ್ಟು, ಕೋಳಿ, ಹಂದಿ, ಪಕ್ಕದಲ್ಲಿ ಸಾರಾಯಿ. ತಾತ ಕಾಂಪೌಂಡರನ್ನೂ ಕರೆಸಿದ್ದರು. ನಡುಮನೆಯಲ್ಲಿ ತೂಗುತ್ತಿದ್ದ ದೀಪದ ಮುಂದೆ ಅವರನ್ನು ನಿಲ್ಲಿಸಿ, ತಟ್ಟೆಯಿಂದ ಒಂದು ಹಿಡಿ ಅಕ್ಕಿ ಅವರ ಕೈಗೆ ಹಾಕಿದರು. ನಮ್ಮ ಮನೆಯಲ್ಲಿ ಅಕ್ಕಿ ಹಿಡಿದು ದೀಪದ ಮುಂದೆ ಆಡಿದ ಮಾತು ಹಿರಿಯರ ಕಿವಿಗೆ ಬಿದ್ದ ಮಾತು. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

"ಕಾಂಪೌಂಡ್ರೇ, ನಾನು ಬರೆದದ್ದು ಸರಿ ಅಂತ ಒಂದು ಮಾತು ಹೇಳಿ. ಲ್ಯಾಟಿನ್ ಬಲ್ಲೋರು ಈ ಸುತ್ತಿನಲ್ಲಿ ನೀವೊಬ್ಬರೇ," ಎಂದರು ತಾತ.

ಅವರು ಕೈಯ ಅಕ್ಕಿಯನ್ನೇ ನೋಡುತ್ತ ನಿಂತರು. ಅವರ ಕೆಲಸ, ತಲೆಯ ಮೇಲಿನ ಸೂರು ಎರಡೂ ತಾತನ ಒಂದು ಮಾತಿನಲ್ಲಿವೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಧಣಿಗಳೇ, ಅಕ್ಕಿ ಕೊಡದೆ ಕೇಳಿದ್ರೆ ಹೂಂ ಅಂದುಬಿಡ್ತಿದ್ದೆನೋ ಏನೋ. ಇದು ಹಿಡಿದ ಮೇಲೆ ಆಗೋದಿಲ್ಲ."

ನನ್ನ ಸೋದರಮಾವ ಹಿಂದಿನಿಂದ, "ಪಾದ್ರಿಗಿರಿ ಬಿಟ್ಟು ಬಂದೋರಿಗೆ ಈಗ ಪ್ರಸಂಗ ಮಾಡೋ ಆಸೆ ಬಂತಾ?" ಎಂದರು.

ಕಾಂಪೌಂಡರು ನಕ್ಕರು. "ಆಸೆ ಇಲ್ಲ ಸಾರ್, ಹೆದರಿಕೆ ಇದೆ. ರಕ್ತದ ವಿಷಯ ನನಗೆ ತಿಳಿಯದು, ಮಾತಿನದು ಮಾತ್ರ ಹೇಳ್ತೇನೆ. ಏಳು ಅನ್ನೋಕೆ ಗ್ರೀಕ ಹೆಪ್ತ ಅಂದ, ರೋಮಿನವ ಸೆಪ್ತೆಮ್ ಅಂದ, ನಾವು ಕೊಂಕಣಿಗರು ಸಾತ್ ಅಂತೇವೆ. ನೀವು ಏಳ್ ಅಂತೀರಿ. ಕನ್ನಡ, ಮಲಯಾಳದೋರೂ ಅದನ್ನೇ ಅಂತಾರೆ. ಆ ಲೆಕ್ಕಕ್ಕೆ ಈ ಮನೇಲಿ ಗ್ರೀಕರ ನೆಂಟ ನಾನೊಬ್ಬನೇ. ನನ್ನ ಹೊಟ್ಟೆ ನೋಡಿದ್ರೆ ಯಾರು ನಂಬ್ತಾರೆ?"

ಹೆಂಗಸರು ನಿಂತಿದ್ದ ಕಡೆಯಿಂದ ಯಾರೋ ಕಿಸಕ್ಕೆಂದರು. ತಾತನ ಮುಖ ಕೆಂಪಾಗಿತ್ತು. ಕಾಂಪೌಂಡರು ನಗು ನಿಲ್ಲಿಸಿ ತಗ್ಗಿದ ದನಿಯಲ್ಲಿ ಕೇಳಿದರು:

"ಈಗ ಎಡೆ ಇಟ್ಟು ಹಿರಿಯರನ್ನು ಕರೀತೀರಲ್ಲ ಧಣಿಗಳೇ, ಯಾವ ಮಾತಿನಲ್ಲಿ?"

"ನಮ್ಮ ಮಾತಿನಲ್ಲಿ. ಮತ್ಯಾವುದ್ರಲ್ಲಿ?"

"ಬರ್ತಾರಾ?"

"ಬರದೆ ಏನು!" ಎಂದು ತಾತ ಗುಡುಗಿದರು.

"ಹಾಗಾದ್ರೆ ಅವರು ಯಾರು ಅಂತ ನನ್ನನ್ನು ಯಾಕೆ ಕೇಳ್ತೀರಿ?"

ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ತಟ್ಟೆಗೆ ಹಾಕಿ, ದೀಪಕ್ಕೆ ಕೈಮುಗಿದು, ಅವರು ಹೊರಟುಹೋದರು.

ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಎರಡೇ ಸಾಲು: "ಕಾಂಪೌಂಡರು ಒಪ್ಪಲಿಲ್ಲ. ತಾತ ಊಟ ಮಾಡಲಿಲ್ಲ." ಮೇಲೆ ಬರೆದ ಸಂಭಾಷಣೆಯೆಲ್ಲ ನೆನಪಿನದು. ವರ್ಷವರ್ಷವೂ ಹೇಳಿ ಹೇಳಿ ಅದಕ್ಕೆ ನಾನೇ ಹೊಳಪು ಕೊಟ್ಟಿರಬಹುದು. ಅವರು ಅಷ್ಟು ನೆಟ್ಟಗೆ ನಿಂತಿದ್ದರೇ? ದನಿ ನಡುಗಿರಲಿಲ್ಲವೇ? ನಡುಗಿದ್ದರೆ ಅವರ ಮೇಲಿನ ಗೌರವ ನನಗೆ ಇನ್ನೂ ಹೆಚ್ಚುತ್ತದೆ.

ಮರುದಿನ ಡಿಸ್ಪೆನ್ಸರಿಯ ಹಿಂದೆ ಹೋದಾಗ ಅವರ ಹೆಂಡತಿ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದದ್ದನ್ನು ಮಾತ್ರ ಖಂಡಿತ ಕಂಡೆ. ಆ ಗೋಣಿ ತಿಂಗಳುಗಟ್ಟಲೆ ಕಟ್ಟಿದಂತೆಯೇ ಮೂಲೆಯಲ್ಲಿತ್ತು. ತಾತ ಹೋಗಿ ಎನ್ನಲಿಲ್ಲ, ಇರಿ ಎಂದೂ ಎನ್ನಲಿಲ್ಲ. ಪುಸ್ತಕ ಅಚ್ಚಿಗೆ ಹೋಗಲಿಲ್ಲ.

ಮಳೆಗಾಲದಲ್ಲಿ ತಾತನಿಗೆ ಕೆಮ್ಮು, ಜ್ವರ. ನಾಲ್ಕನೆಯ ದಿನ ಅವರೇ, "ಆ ಹಟಮಾರಿಯನ್ನು ಕರೀರಿ" ಎಂದರು. ಕಾಂಪೌಂಡರು ನೆನೆದುಕೊಂಡು ಬಂದು, ಮಂಚದ ಪಕ್ಕ ಕೂತು ಬಾಟಲಿಗೆ ಪಟ್ಟಿ ಕತ್ತರಿಸಿದರು. ನಾನು ಬಾಗಿಲಲ್ಲಿದ್ದೆ.

"ದಿನಕ್ಕೆ ಎಷ್ಟು ಸಲ?" ಎಂದರು ತಾತ.

"ತೇರ್ ದಿಯೆ, ಧಣಿಗಳೇ."

ತಾತ ಬಹಳ ಹೊತ್ತು ಕೆಮ್ಮಿದರು. ಆಮೇಲೆ, "ನಮ್ಮಲ್ಲಿ ಮೂಂದ್. ಬರ್ಕೊಳ್ಳಿ," ಎಂದರು.

ಆ ಸಂಜೆ ಕಾಂಪೌಂಡರ ಮನೆಯ ಗೋಣಿ ಬಿಚ್ಚಿತು.

ಕೊಡಗು ಮೈಸೂರಿಗೆ ಸೇರಿದ ಒಂದೆರಡು ವರ್ಷಕ್ಕೆ ತಾತ ತೀರಿಕೊಂಡರು. ಡಿಸ್ಪೆನ್ಸರಿಯೂ ಮುಚ್ಚಿತು. ಕಾಂಪೌಂಡರ ಸಂಸಾರ ಕರಾವಳಿಗೆ ಮರಳಿತು. ಹೊರಡುವ ದಿನ ನಾನು ಗೇಟಿನವರೆಗೂ ಹೋಗಿದ್ದೆ. "ನನಗೂ ಗೊತ್ತಿತ್ತು, ಆದರೂ ನಾನು ನಕಲು ಮಾಡಿದೆ" ಎಂದು ಹೇಳಬೇಕೆಂದೇ ಹೋದದ್ದು. ಮಕ್ಕಳ ಓದಿನ ಬಗ್ಗೆ ಕೇಳಿ ಹಿಂದಿರುಗಿದೆ. ಎಷ್ಟೋ ವರ್ಷದ ಮೇಲೆ ಅವರ ಹಿರಿಯ ಮಗಳ ಕಾಗದ ಬಂತು, ಅಪ್ಪ ಹೋದರು ಎಂದು. ಅದಕ್ಕೂ ನಾಲ್ಕು ಸಾಲಿನ ಉತ್ತರ ಬರೆದೆನೇ ಹೊರತು ಆ ಒಂದು ಸಾಲು ಬರೆಯಲಿಲ್ಲ.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಲೇಬಲ್ಲಿನ ಅರ್ಧ ಹುಳ ತಿಂದಿದೆ. ಉಳಿದ ಅರ್ಧದಲ್ಲಿ ಮಸಿ ಕಂದಿದ್ದರೂ ಗುಂಡುಗುಂಡಾದ ಅಕ್ಷರ ಓದಲು ಬರುತ್ತದೆ: ಮೂಂದ್. ಅಷ್ಟಂತೂ ನಾನು ಕಲ್ಪಿಸಿಕೊಂಡದ್ದಲ್ಲ.

ಬರುವ ತಿಂಗಳು ಕಾರಣರಿಗೆ ಎಡೆ ಇಡುವ ದಿನ. ತಾತನನ್ನು ಕರೆಯುವುದು ನನಗೆ ಗೊತ್ತು. ಅವರ ಪಕ್ಕದಲ್ಲಿ ಕಾಂಪೌಂಡರಿಗೂ ಒಂದು ಎಲೆ ಹಾಕಿಸಬೇಕೆಂದಿದ್ದೇನೆ; ಮನೆಯವರು ಏನಾದರೂ ಅನ್ನಲಿ. ಆದರೆ ಆ ಎಲೆಯ ಮುಂದೆ ಕೂತು ಅವರನ್ನು ಯಾವ ಮಾತಿನಲ್ಲಿ ಕರೆಯಲಿ… ಅವರ ಮನೆಮಾತಿನಲ್ಲಿ ನಾನು ಕಲಿತದ್ದು ಮೂರೇ ಶಬ್ದ. ತೀನ್, ದೀಸ್, ಸಾತ್.